ಎಡಕ್ಕೆ, ಬಲಕ್ಕೆ

ವಡ್ಲೂರು ರಸ್ತೆ, ಮೂರನೇ ಪಾಳಿ.
ರಾತ್ರಿ ಎರಡಾದರೂ ಗೋಡೆ ಮುಟ್ಟಿದರೆ ಬಿಸಿ.
ಪಾತ್ರೆಯೊಳಗೆ ಮೂವತ್ತೇಳು ಡಿಗ್ರಿ ದಾಟಬಾರದು.
ಬೇರೆ ಊರಲ್ಲಿ ಇದನ್ನು ಕಾಯಿಸುತ್ತಾರಂತೆ;
ರಾಯಚೂರಿನ ಮೇ ತಿಂಗಳಲ್ಲಿ ನಾವು ತಂಪು ಮಾಡುತ್ತೇವೆ.
"ಕಿಣ್ವಕ್ಕ ಕೂಲರ್ ಐತಿ, ನಮಗಿಲ್ಲ ನೋಡ್ರಿ ಮೇಡಂ"
ವಾಲ್ವ್ ತಿರುಗಿಸುತ್ತ ಬಂದೇನವಾಜ್ ನಗುತ್ತಾನೆ.

ಒಳಗೆ ಹೋದದ್ದು ಜೋಡಿ ಮಾಲು.
ಒಂದೇ ತೂಕ, ಒಂದೇ ಕರಗುಬಿಂದು,
ಕನ್ನಡಿಯ ಈಚೆಗೊಂದು, ಆಚೆಗೊಂದು.
ಮದುವೆಮನೆ ಬಾಗಿಲಲ್ಲಿ
ಎಡಗಾಲಿನವು ಬಲಗಾಲಿನವು
ಕಲೆತು ಬಿದ್ದ ಚಪ್ಪಲಿಗಳ ಹಾಗೆ.
ಎಲ್ಲದರ ನೆತ್ತಿಗೂ ಒಂದೊಂದು ಟೋಪಿ, ನಾವೇ ತೊಡಿಸಿದ್ದು.
ಬ್ಯಾಚ್ ಹಾಳೆಯಲ್ಲಿ ಅದರ ಹೆಸರು ಅಸಿಟೈಲ್.

ಇನ್ನು ಅವಳ ಕೆಲಸ.
ಬೂಷ್ಟಿನ ಮನೆತನದವಳು,
ಸಾಬೂದಾನಿಯಂಥ ಮಣಿಗಳಿಗೆ ಅಂಟಿ ಕೂತವಳು.
ಬಂದವರ ಮುಖ ನೋಡಳು, ಕೈ ನೋಡುತ್ತಾಳೆ.
ಎಡಗೈಯವರ ಟೋಪಿ ತೆಗೆದು, ಹೋಗು ಎನ್ನುತ್ತಾಳೆ.
ಬಲಗೈಯವರು ಎಷ್ಟು ಸಲ ಸುತ್ತಿ ಬಂದರೂ
ಟೋಪಿ ತೊಟ್ಟೇ ವಾಪಸು.
ಸಿಟ್ಟಲ್ಲ.
ಅವಳ ಅಂಗೈಗೆ ಅವರು ಕೂಡುವುದಿಲ್ಲ, ಅಷ್ಟೇ.

ಮಾನ್ವಿ. ನನಗೆ ಏಳು ವರ್ಷ.
ರೊಟ್ಟಿ ಎಡಗೈಲಿ ಮುರಿದೆನೆಂದು
ಅವ್ವ ಆ ಕೈಯನ್ನು ಹಳೇ ಸೀರೆಯ ಅಂಚಿನಿಂದ
ಬೆನ್ನಿಗೆ ಕಟ್ಟಿದಳು.
"ಎಡಚಿ ಸೂಗಮ್ಮನ್ನ ಯಾರ ಮನಿಗಿ ಕೊಡ್ಲಿ?
ಬಡಿಸೋ ಕೈ ಅಲ್ಲ ಅದು."
ಬಳಪ ಬಲಗೈಗೆ ಬಂತು.
ಅಕ್ಷರಗಳು ಒಂದು ವರ್ಷ ಕುಂಟಿದವು, ಆಮೇಲೆ ದುಂಡಗಾದವು.
ಈ ರಿಜಿಸ್ಟರು ಬರೆಯುವುದೂ ಬಲಗೈಯೇ.
ಬೀಗ ತೆಗೆಯುವಾಗ,
ಕತ್ತಲಲ್ಲಿ ಸ್ವಿಚ್ಚು ತಡಕುವಾಗ
ಇನ್ನೊಂದು ತಾನಾಗಿ ಮುಂದೆ ಬರುತ್ತದೆ.

ಮೂರೂಕಾಲಿಗೆ ಸ್ಯಾಂಪಲ್.
ಪುಟ್ಟ ಕೋಣೆ, ಸೋಡಿಯಂ ದೀಪದ ಅರಿಶಿನ ಬೆಳಕು.
ಎಡದ ಮಿಥಿಯೊನಿನ್, ನೀರಲ್ಲಿ ಕರಗಿಸಿದರೆ
ಬೆಳಕನ್ನು ತುಸು ಎಡಕ್ಕೆ ತಿರುಚುತ್ತದೆ.
ಆಮ್ಲದಲ್ಲಿ ಕರಗಿಸಿದರೆ
ಅದೇ ಮಾಲು, ಅದೇ ಚಮಚೆಯದು,
ಬಲಕ್ಕೆ ತಿರುಚುತ್ತದೆ.
ಹೊಸಬಳಾಗಿದ್ದಾಗ ಬ್ಯಾಚ್ ಕೆಟ್ಟಿತೆಂದು ಕೂಗಿಕೊಂಡಿದ್ದೆ.
ಮುದುಕಪ್ಪ ಸಾರ್ ಕನ್ನಡಕ ಒರೆಸುತ್ತ ಅಂದರು:
"ಕೈ ಬದಲಾಗಿಲ್ಲಮ್ಮ. ಕರಗಿದ ಜಾಗ ಬದಲಾಗಿದೆ."
ಆ ದಿನ ಡಬ್ಬಿ ಬಿಚ್ಚಿ
ಬುತ್ತಿ ಮುಟ್ಟದೆ ಬಹಳ ಹೊತ್ತು ಕೂತಿದ್ದೆ.

ಉಳಿದ ಬಲಗೈಯವರನ್ನು ಎಸೆಯುವುದಿಲ್ಲ.
ಬೇರೆ ಪಾತ್ರೆಯಲ್ಲಿ
ತಮ್ಮ ಕೈ ಯಾವುದೆಂದು ಮರೆಯುವ ತನಕ ಕಾಯಿಸುತ್ತೇವೆ.
ಅರ್ಧ ಎಡವಾಗಿ ಏಳುತ್ತವೆ, ಅರ್ಧ ಮತ್ತೆ ಬಲವೇ.
ಮತ್ತೆ ಅವಳ ಮುಂದೆ ಸಾಲು.
ಲಾಭ ಇರುವುದೇ ಇಲ್ಲಿ ಎನ್ನುತ್ತದೆ ಆಫೀಸು.
ಆ ಪಾತ್ರೆಯ ಪಕ್ಕ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಆಮ್ಲದಲ್ಲಿ, ಪ್ಲಸ್ ಇಪ್ಪತ್ಮೂರು ಪಾಯಿಂಟ್ ನಾಲ್ಕು. ಪಾಸ್. ಸಹಿ.

ಆರಕ್ಕೆ ಗೇಟಿನ ಹೊರಗೆ ಅವ್ವನ ಫೋನು.
"ರಾತ್ರಿಯೆಲ್ಲ ಏನ್ ಮಾಡಿದಿ?"
"ಎಡ ಬಲ ಬ್ಯಾರೆ ಮಾಡಿದೆ."
"ಜ್ವಾಳ ಹಸನ ಮಾಡ್ದಂಗೇನು?"
"ಹೂಂ, ಹಂಗ."
ಅವ್ವಾ, ನೀ ಕುಡಿಸಿದ ಹಾಲಿನ ಸತ್ವವೂ,
ಗಂಟು ಬಿಗಿದ ನಿನ್ನ ಬಲಗೈಯ ಒಂದೊಂದು ನರವೂ
ಎಡಚವೇ, ಎನ್ನಬೇಕಿತ್ತು.
ಬಸ್ಸು ಬಂತು.
"ಇಡ್ಲಾ?" ಅಂದೆ.
ಫೋನು ಯಾವ ಕೈಯಲ್ಲಿದೆ ಎಂದು
ಅವಳಿಗೆ ಕಾಣುವುದಿಲ್ಲ.