ಬಾರದ ಕೆಂಪು

ಕಪ್ಪತಗುಡ್ಡ, ಡೋಣಿ ಕಡೆಯ ಇಳಿಜಾರು.
ಒಂದೇ ಕುಣಿಗೆ ಎರಡು ಬಣ್ಣ ಸುರಿದೆವು,
ಹಸಿರೊಂದು, ಕೆಂಪೊಂದು.
ಮುಂಜಾನೆ ಏಳೂ ನಲವತ್ತು, ಕುರಡಗಿ ಮೇಡಮ್ ಬರೆದುಕೊಂಡರು.
ಕೆಳಗೆ ಒರತೆಯ ಬಾಯಿಗೆ ನಾನು, ಕಾವಲುಗಾರ ಥಾವರೆಪ್ಪ,
ಕಪ್ಪು ಕಾಗದ ಸುತ್ತಿದ ಎಪ್ಪತ್ತೆರಡು ಸೀಸೆ.
ಹಸಿರಿಗೆ ಬಿಸಿಲು ಆಗಿಬರೋದಿಲ್ಲ,
ಹಗಲು ಕಂಡರೆ ಸಾಯುತ್ತದೆ.

ತಾಸಿಗೊಂದು ಸೀಸೆ.
ಹತ್ತೊಂಬತ್ತನೆಯ ತಾಸಿಗೆ ಹಸಿರು ಬಂತು,
ಬರಿಗಣ್ಣಿಗಲ್ಲ, ನೇರಳೆ ಬ್ಯಾಟರಿಯ ಬೆಳಕಿಗೆ.
"ಮಿಂಚುಹುಳ ಕರಗಿಸಿ ಹಾಕಿದಂಗ ಐತಿ" ಅಂದ ಥಾವರೆಪ್ಪ.
ಚಪ್ಪಾಳೆ ತಟ್ಟಿದೆವು.

ಕೆಂಪು ಬರಲಿಲ್ಲ.
ಗುಡ್ಡದ ಗಾಳಿಯಂತ್ರಗಳು ತಿರುಗಿ ತಿರುಗಿ ನಿಂತವು,
ಬುತ್ತಿಯ ರೊಟ್ಟಿ ಒಣಗಿ ಕಟಕಟೆಯಾದವು,
ಬರಲಿಲ್ಲ.
ಪಟ್ಟಿಯ ಕೊನೆಯ ಕಾಲಮ್ಮಿಗೆ ಮೇಡಮ್ ಹೆಸರಿಟ್ಟರು:
ನಷ್ಟ.

ಬೆಟಗೇರಿಯಲ್ಲಿ ನನ್ನಪ್ಪ ಗಣಪತಸಾ ನೂಲಿಗೆ ಬಣ್ಣ ಹಾಕುತ್ತಿದ್ದ.
ನಮ್ಮ ಗಟಾರ ನೋಡಿಯೇ ಓಣಿ ಹೇಳುತ್ತಿತ್ತು
ಈ ವಾರ ಮಗ್ಗಕ್ಕೆ ಯಾವ ಸೀರೆ ಅಂತ.
ಅವನಿಗೆ ಅದೇ ಸಿಟ್ಟು.
"ಬಣ್ಣ ಅಲ್ಲವ್ವಾ ಹರಿಯೂದು, ರೊಕ್ಕ."
(ಮನೆಯೊಳಗಿನ ನಮ್ಮ ಮಾತೇ ಬೇರೆ,
ಬಣ್ಣದ ಮಾತಿಗೆ ಮಾತ್ರ ಅವನಿಗೆ ಕನ್ನಡವೇ ಬೇಕು.)
ಅಳಲೆಕಾಯಿ ಜಜ್ಜಿ ಕುದಿಸಿ
ನೂಲನ್ನು ಮೊದಲು ಆ ಒಗರಿಗೆ ಅದ್ದುತ್ತಿದ್ದ.
ಒಗರು ಕುಡಿಯದ ನೂಲು ಬಣ್ಣದ ಕೈ ಬಿಡುತ್ತದಂತೆ.
ಆಮೇಲೆ ನೂಲನ್ನು ನೋಡುತ್ತಲೇ ಇರಲಿಲ್ಲ;
ತೊಟ್ಟಿಯಲ್ಲಿ ಉಳಿದ ನೀರನ್ನು ಬೊಗಸೆಯಲ್ಲಿ ಎತ್ತಿ
ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದ.
ತಿಳಿಯಾಗಿದ್ದರೆ ಒಂದೇ ಮಾತು:
"ಹಿಡೀತು."

ನಾಲ್ಕನೆಯ ರಾತ್ರಿ ಕುಣಿಯ ಪಕ್ಕಕ್ಕೆ ಅಗೆದೆವು.
ಹಗಲು ನೋಡಿ ಸೋತಿದ್ದೆವು,
ಕೆಂಪು ಮಣ್ಣಿನಲ್ಲಿ ಕೆಂಪನ್ನು ಎಲ್ಲಿ ಅಂತ ಹುಡುಕುವುದು?
ಬ್ಯಾಟರಿ ಹಿಡಿದಾಗ ಮಣ್ಣಿನ ಗೋಡೆ ಹೊತ್ತಿಕೊಂಡಿತು.
ದಿಂಡಿಗದ ಎಲೆ ಕೊಳೆತು ಕಪ್ಪಾದ ಪದರ,
ಗೇಣೂ ಇಲ್ಲ, ಅದರೊಳಗೆ ನಿಂತಿತ್ತು,
ಕಿತ್ತಳೆ ಕೆಂಡ.
ಸತ್ತ ಬೇರೊಂದರ ಹಾದಿ ಹಿಡಿದು ನಾಲ್ಕು ಬೆರಳು ಇಳಿದು
ಅಲ್ಲಿಯೂ ತೊಗಟೆಗೆ ಅಂಟಿಕೊಂಡು.
ಅದರ ಕೆಳಗೆ ಮಣ್ಣು, ಕಲ್ಲು, ಕತ್ತಲೆ.

ಮೇಡಮ್ ವಿವರಿಸಿದರು: ಕೊಳೆತ ಎಲೆಯದು ಋಣ, ಈ ಬಣ್ಣದ್ದು ಧನ,
ಹಸಿರಿಗೆ ಆ ನಂಟಿಲ್ಲ, ಮಣ್ಣು ಅದನ್ನು ಆಚೆ ದೂಡುತ್ತದೆ.
ಗುಣಾಂಕ ಬರೆಯಲು ಪೆನ್ನಿಗೆ ತಡಕಾಡಿದರು.
ನಾನೊಂದು ಹೆಂಟೆ ಎತ್ತಿ ಮೂಸಿದೆ.
ಅಳಲೆಕಾಯಿ ಕುದಿದ ದಿನದ ಅಂಗಳ.

ಅಂದರೆ ನಾವು ಚಪ್ಪಾಳೆ ತಟ್ಟಿದ್ದು
ಗಟಾರಕ್ಕೆ.

ಕೊನೆಯ ಸೀಸೆಯ ಕಾಗದ ಬಿಚ್ಚಿ
ಬೆಳಗಿನವರೆಗೆ ಕಾದು ನೋಡಿದೆ.
ನೀರಿತ್ತು. ನೀರಷ್ಟೇ ಇತ್ತು.
"ಹಂಗಾರ ಕೆಂಪು ಎಲ್ಲಿ ಹೋತ್ರೀ ಅಕ್ಕಾ?" ಥಾವರೆಪ್ಪ ಕೇಳಿದ,
"ಎಲ್ಲೂ ಹೋಗಲಿಲ್ಲ" ಅಂದೆ.
ಪಟ್ಟಿ ನನ್ನದಲ್ಲ,
ಅದರಲ್ಲಿ ನಷ್ಟ ಅಂತಲೇ ಉಳಿದಿದೆ.

ಎಂಟು ದಿನವಾಯಿತು.
ರೊಟ್ಟಿ ಬಡಿಯುವಾಗ ನೋಡುತ್ತೇನೆ,
ಉಗುರ ಸಂದಿಯಲ್ಲಿ ಇನ್ನೂ ಇದೆ.
ಸಾಬೂನಿಗೆ ಜಗ್ಗುತ್ತಿಲ್ಲ.