ವೋಚರ್ ಇಲ್ಲದ ಖರ್ಚು

ಮಾರ್ಚ್ ಇಪ್ಪತ್ತೊಂಬತ್ತು. ದುರ್ಗಿಗುಡಿಯ
ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ನಮ್ಮ ಒಂದೂವರೆ ಕೋಣೆ.
ಫ್ಯಾನು ಹಾಕಿದರೆ ವರ್ಷವೇ ಹಾರಿಹೋಗುತ್ತದೆ,
ಹಾಕದಿದ್ದರೆ ಅಂಕಿಗಳ ಮೇಲೆ ಬೆವರು.
ಅದಕ್ಕೇ ಚೀಟಿಗಳ ಮೇಲೆ ಸ್ಟೇಪ್ಲರು, ಒಂದು ಬೀಗ,
ಜುಬೇದಾಳ ಊಟದ ಡಬ್ಬಿ.

ವಾರ್ಷಿಕ ವರದಿ, ಪುಟ ಒಂದು:
‘ಪ್ರಸಕ್ತ ಸಾಲಿನಲ್ಲಿ ನೂರಾ ಹದಿನೇಳು ವಲಸೆ ಮಹಿಳೆಯರಿಗೆ
ನೆರವು ನೀಡಲಾಯಿತು.’
ನೀಡಲಾಯಿತು!
ಈ ಕ್ರಿಯಾಪದಕ್ಕೆ ಕೈಗಳೇ ಇಲ್ಲವಲ್ಲ.
ಕೊಟ್ಟವರದೂ ಕಾಣದು, ತೆಗೆದುಕೊಂಡವರದೂ ಕಾಣದು.

ಆಡಿಟರ್ ವಾದಿರಾಜರು ಕನ್ನಡಕ ಹಣೆಗೇರಿಸಿ ಕೇಳುತ್ತಾರೆ:
‘ಇದೇನಮ್ಮ, ಜೂನ್ ಹನ್ನೊಂದು, ಇತರೆ ಖರ್ಚು ಮುನ್ನೂರ ನಲವತ್ತು?
ವೋಚರ್ ಎಲ್ಲಿ?’

ಜೂನ್ ಹನ್ನೊಂದು ಅಂದರೆ ಫುಲಮಣಿ, ಸಾರ್.
ಅಸ್ಸಾಮಿನವಳು. ಕೊಪ್ಪದ ಆಚೆಯ ಕಾಫಿ ತೋಟದ ಲೈನಿನಿಂದ
ಪಿಕಪ್ಪಿನಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಬಂದಳು, ದಿನ ತುಂಬಿ.
ಆಗ ಅವಳಿಗೆ ಬರುತ್ತಿದ್ದ ಕನ್ನಡ ಒಂದೇ ಪದ,
ಮೇಸ್ತ್ರಿ ದಿನಕ್ಕೆ ನೂರು ಸಲ ಕಲಿಸಿದ್ದು: ‘ಬೇಗ’.
ಹೆರಿಗೆ ನೋವಿನಲ್ಲೂ ಅದನ್ನೇ ಕೂಗಿದಳಂತೆ, ಬೇಗ, ಬೇಗ, ಬೇಗ.
ನರ್ಸಮ್ಮ ಮೊದಲು ನಕ್ಕಳಂತೆ.
ಆಮೇಲೆ ನಗಲಿಲ್ಲವಂತೆ.
ಮಗುವಿಗೆ ತಿಕ್ಕಲು ಸಾಸಿವೆ ಎಣ್ಣೆಯೇ ಬೇಕೆಂದು ಹಟ.
ಗಾಂಧಿ ಬಜಾರಿನಲ್ಲಿ ಕೊಬ್ಬರಿ ಎಣ್ಣೆ ಕೊಡುತ್ತಾರೆ, ಎಳ್ಳೆಣ್ಣೆ ಕೊಡುತ್ತಾರೆ,
ದೇವರ ದೀಪದ ಎಣ್ಣೆ ಕೊಡುತ್ತಾರೆ.
ಜುಬೇದಾ ಏಳು ಅಂಗಡಿ ತಿರುಗಿದ ಮೇಲೆ
ಒಬ್ಬಳು ಸೇಠಾಣಿ ತನ್ನ ಅಡುಗೆಮನೆಯ ಬಾಟಲಿಯನ್ನೇ ತೆಗೆದುಕೊಟ್ಟಳು.
ಎಣ್ಣೆಗೆ ಇನ್ನೂರು, ಉಳಿದದ್ದು ಆಟೋ.
ಅಡುಗೆಮನೆಯಲ್ಲಿ ಬಿಲ್ಲು ಬರೆಯುತ್ತಾರೆಯೇ ಸಾರ್?

ತರಬೇತಿ: ನಲವತ್ತೆರಡು ಭಾನುವಾರ.
ಮಾಚೇನಹಳ್ಳಿಯ ಗಾರ್ಮೆಂಟ್ಸ್ ಹಾಸ್ಟೆಲಿನ ಒಡಿಶಾ ಹುಡುಗಿಯರಿಗೆ
ವಾಗ್ದೇವಿ ಮಿಸ್ ಬೋರ್ಡಿನ ಮೇಲೆ ಅ, ಆ ಬರೆದರು.
ಕುನಿ ಮಾಝಿ ಎದ್ದು ನಿಂತಳು, ಅರ್ಧ ಹಿಂದಿ, ಅರ್ಧ ಕೈಸನ್ನೆ:
ಅಕ್ಷರ ಆಮೇಲೆ, ಮಿಸ್.
ಪಾಳಿ ಮುಗಿದ ಮೇಲೂ ನಿಲ್ಲು ಅಂತ ಸೂಪರ್‌ವೈಸರ್ ಅಂದರೆ
ಏನನ್ನಬೇಕು, ಅದನ್ನು ಹೇಳಿ.
ಮಿಸ್ ಅ, ಆ ಒರೆಸಿ ಬರೆದರು: ಆಗಲ್ಲ.
ಹದಿನೆಂಟು ಕೊರಳು ಒಟ್ಟಿಗೆ ಆಗಲ್ಲ, ಆಗಲ್ಲ ಎಂದದ್ದಕ್ಕೆ
ಕೆಳಗಿನ ಜೆರಾಕ್ಸ್ ಹುಡುಗ ಓಡಿಬಂದ, ಏನಾಯ್ತು ಅಂತ.

ಇತ್ಯರ್ಥವಾದ ಪ್ರಕರಣ: ಒಂಬತ್ತು.
ಎಂಟು ಅನ್ನಲೋ ಒಂಬತ್ತು ಅನ್ನಲೋ, ತಿಳಿಯುತ್ತಿಲ್ಲ.
ಒಂಬತ್ತನೆಯದು ಬಸಂತಿ ತಿರ್ಕಿಯದು, ಎರಡು ತಿಂಗಳ ಕೂಲಿ.
ಕಾರ್ಮಿಕ ಇಲಾಖೆಗೆ ಮೂರು ಅರ್ಜಿ, ಲೆಕ್ಕ ತಪ್ಪಿದಷ್ಟು ಓಡಾಟ,
ಜನವರಿಯಲ್ಲಿ ದುಡ್ಡು ಬಂತು.
ಬಸಂತಿ ನವೆಂಬರಿನಲ್ಲೇ ರೈಲು ಹತ್ತಿದ್ದಳು.
ಫೋನು ಈಗಲೂ ಸ್ವಿಚ್ ಆಫ್.
ಅವಳ ಹೆಸರಿನ ಚೆಕ್ಕು ಬೀರುವಿನಲ್ಲಿದೆ,
ಮುಂದಿನ ತಿಂಗಳು ಹಳಸುತ್ತದೆ, ಅನ್ನದ ಹಾಗೆ.

ಕಾಯಂ ವಿಳಾಸ ಎಂಬ ಕಾಲಂ ಬಂದಾಗೆಲ್ಲ
ನನ್ನ ಪೆನ್ನು ತುಸು ನಿಲ್ಲುತ್ತದೆ.
ನಮ್ಮಜ್ಜಿ ಅಂಜಲೈ ಧರ್ಮಪುರಿಯಿಂದ ಲಕ್ಕವಳ್ಳಿಗೆ
ಅಣೆಕಟ್ಟಿನ ಕಲ್ಲು ಹೊರಲು ಬಂದವಳು.
ಅವಳ ಕಾಗದದಲ್ಲಿ ಕಾಯಂ ವಿಳಾಸ: ಕ್ಯಾಂಪ್, ಶೆಡ್ ಹದಿನಾಲ್ಕು.
ಆ ಶೆಡ್ಡು ಕಿತ್ತು ಅರವತ್ತು ವರ್ಷವಾಯಿತು.
ಆಫೀಸಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ.

‘ಬಿಳಿ ಹಾಳೆಯಲ್ಲಿ ಬರೆದು ಅವಳದೊಂದು ಸಹಿ ಹಾಕಿಸಿ,’
ವಾದಿರಾಜರು ಕೊನೆಗೆ ಮೆತ್ತಗಾದರು.
ಫುಲಮಣಿಗೆ ಫೋನು ಮಾಡಿದೆ. ಲೈನಿನಲ್ಲಿದ್ದಳು,
ಹಿಂದೆ ಮಗು ಏನನ್ನೋ ಬಡಿಯುತ್ತಿತ್ತು, ತಗಡಿರಬೇಕು.
ನಾನು ಒಂದೇ ಉಸಿರಿಗೆ ಮಾರ್ಚು, ಆಡಿಟ್ಟು, ಸಹಿ, ಮುನ್ನೂರ ನಲವತ್ತು...
ಅವಳು ತಡೆದಳು:
‘ಅಕ್ಕ, ನಿಧಾನ. ನಿಧಾನ ಹೇಳಿ.’

ನಿಧಾನ.
ನಮ್ಮ ನಲವತ್ತೆರಡು ಭಾನುವಾರಗಳಲ್ಲಿ ಈ ಪದ ಇರಲಿಲ್ಲ.
ಮೇಸ್ತ್ರಿಯಂತೂ ಕಲಿಸಿರಲಾರ.
ವಾದಿರಾಜರ ಚಹಾ ಆರುತ್ತಿದೆ.
ನಾನು ಮತ್ತೆ ಮೊದಲಿನಿಂದ ಹೇಳುತ್ತೇನೆ,
ಒಂದೊಂದೇ ಪದ.