ದಿನ ಬಿಟ್ಟು ದಿನ

ಬೆಳಗಿನ ಜಾವ ನಾಲ್ಕಕ್ಕೆ ಫೋನು ಮಾಡುತ್ತಾನೆ ಅಂತೋಣಪ್ಪ.
ಲಿಂಗರಾಜಪುರದ ಅಡ್ಡರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ಎಬ್ಬಿಸಿ
ಅವನೇ ಕೊಟ್ಟುಹೋದ ಕೀಲಿಯನ್ನು
ನಾನು ಗುಂಡಿಗೆ ಇಳಿಬಿಡುವ ಹೊತ್ತು ಇದೆಂದು
ಅವನಿಗೆ ಗೊತ್ತು.

ಮೊದಲು ಮಾತಿಲ್ಲ. ಎಂಜಿನ್ನು.
ಡಬ್ಬಿಯಲ್ಲಿ ಹುಣಸೇಬೀಜ ಅಲುಗಿಸಿದ ಹಾಗೆ.
ಆಮೇಲೆ ನೀರು,
ಪೈಪಿನೊಳಗಿನದಲ್ಲ, ಬಯಲ ನೀರು,
ಫೈಬರಿನ ಹೊಟ್ಟೆಯನ್ನು ತಟ್ಟಿ ತಟ್ಟಿ ಎಬ್ಬಿಸುವುದು.
"ಕೇಳಿಸ್ತಾ?"
ಕೇಳಿಸ್ತು ಅನ್ನುತ್ತೇನೆ.

ಮೂವತ್ತನಾಲ್ಕು ವರ್ಷ ಈ ಬೀದಿಗಳಿಗೆ ನೀರು ಬಿಟ್ಟವನು.
ತೆರೆಯಲು ಹದಿನಾಲ್ಕು ಸುತ್ತು,
ಮುಚ್ಚಲು ಹದಿಮೂರೂಮುಕ್ಕಾಲು.
ಆ ಕಾಲು ಸುತ್ತು ಯಾರಿಗೆಂದು ಬೋರ್ಡಿಗೂ ಹೇಳಲಿಲ್ಲ, ನನಗೂ.
ತಗ್ಗಿನ ಕೊನೇ ಮನೆಯ ನಲ್ಲಿ ಮಾತ್ರ
ರಾತ್ರಿಯಿಡೀ ತೊಟ್ಟಿಕ್ಕುತ್ತಿತ್ತು.
ಈಜು ಬಾರದು. ಸಮುದ್ರ ಕಂಡದ್ದು ಒಂದೇ ಸಲ,
ವೇಳಾಂಗಣ್ಣಿಯಲ್ಲಿ, ಮೊಣಕಾಲುವರೆಗೆ.

ನಿವೃತ್ತಿಯ ದುಡ್ಡು ಕೈಗೆ ಬಂದ ವಾರವೇ
ಕೆರೆಯ ದೋಣಿವಿಹಾರ ಮುಚ್ಚಿ ಹರಾಜಿಗೆ ಬಂತು.
ಕೂಗಿದವರೆಲ್ಲ ಗುಜರಿಯವರು, ಇವನೊಬ್ಬನ ಬಿಟ್ಟು.
ಇಪ್ಪತ್ತೆರಡಡಿ ದೋಣಿ. ಮೂತಿಯ ಹಂಸದ ತಲೆಯನ್ನು
ಗರಗಸದಲ್ಲಿ ಕೊಯ್ದು ಮೊಮ್ಮಗಳಿಗೆ ಕೊಟ್ಟ.
ಜೀವನಹಳ್ಳಿಯ ಮನೆ ಮುಂದೆ, ಎರಡು ಆಟೋಗಳ ನಡುವೆ,
ಒಂದು ವರ್ಷ ಟಾರ್ಪಾಲಿನಡಿ ಮಲಗಿತ್ತು.
ನಾಯಿಯೊಂದು ಅದರಲ್ಲಿ ಐದು ಮರಿ ಹಾಕಿತು.
ಆರೋಗ್ಯಮ್ಮ ಅದರ ಮೇಲೆ ಸಂಡಿಗೆ ಒಣಗಿಸಿದಳು.
ವಾರ್ಡ್ ಆಫೀಸಿನವರು ನೋಟೀಸು ಅಂಟಿಸಿದರು:
ವಾಹನವೋ ಕಟ್ಟಡವೋ, ಏಳು ದಿನದಲ್ಲಿ ವಿವರಣೆ ಕೊಡತಕ್ಕದ್ದು.
ಅವನು ಅದರ ಪಕ್ಕದಲ್ಲೇ ನೀಲಿ ಬಣ್ಣದಲ್ಲಿ
ದೋಣಿಯ ಹೆಸರು ಬರೆದ: ದಿನ ಬಿಟ್ಟು ದಿನ.
ಮನೆಮನೆ ಬಾಗಿಲಲ್ಲಿ ಕೇಳುತ್ತಿದ್ದ ಒಂದೇ ಪ್ರಶ್ನೆಗೆ
ಅವನು ಕೊಡುತ್ತಿದ್ದ ಒಂದೇ ಉತ್ತರ.

ಫೆಬ್ರುವರಿಯಲ್ಲಿ ಕ್ಯಾಂಟರಿಗೆ ಹೇರಿದೆವು.
ಸಿಲ್ಕ್ ಬೋರ್ಡಿನಲ್ಲಿ ಐವತ್ತು ನಿಮಿಷ ನಿಂತಿತು,
ಅದೇ ಅದರ ಮೊದಲ ಲಂಗರು.
ಪಕ್ಕದ ಬಸ್ಸಿನ ಕಿಟಕಿಯಿಂದ ಒಂದು ಮಗು ಕೈಬೀಸಿತು,
ದೋಣಿಯೊಳಗೆ ಕೂತ ಅಂತೋಣಪ್ಪ
ಆಗಲೇ ಸಾಗುತ್ತಿರುವವನಂತೆ ಬೀಸಿದ.

ಈಗ ಕೊಟ್ಟಪ್ಪುರಂನಿಂದ ಕೊಲ್ಲಂ ಕಡೆಗೆ,
ಕಾಲುವೆ, ಹಿನ್ನೀರು, ಮತ್ತೆ ಕಾಲುವೆ.
ಕ್ಯಾನು ಹೊತ್ತು ಬಂಕಿಗೆ ನಡೆಯುವುದೇ ಅರ್ಧ ಯಾತ್ರೆಯಂತೆ.
ಸುತ್ತ ಎಲ್ಲಿ ನೋಡಿದರೂ ನೀರು,
ಕುಡಿಯಲು ಮಾತ್ರ ಇಲ್ಲಿಂದ ಒಯ್ದ ಕಾವೇರಿ, ನಾಲ್ಕು ಕ್ಯಾನು.
ಮೂರನೇ ದಿನ ಅಂತರಗಂಗೆ ಸುತ್ತಿಕೊಂಡು ಫ್ಯಾನು ನಿಂತಿತು.
"ನಮ್ಮ ಬೆಳ್ಳಂದೂರಿನದೇ ಕಣೋ,
ನನಗಿಂತ ಮುಂಚೆ ಬಂದು ಕೂತಿದೆ."

ಇವತ್ತು ದನಿ ಬೇರೆ.
ನಿನ್ನೆ ಒಂದು ಒಡ್ಡು ಅಡ್ಡ ಬಂತಂತೆ,
ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ್ದು.
ಗೇಟಿನವನು ಊಟಕ್ಕೆ ಹೋಗಿದ್ದ.
ಎರಡು ಗಂಟೆ, ನೆತ್ತಿಯ ಬಿಸಿಲು.
ಕೂಗಿದ. ಹಾರ್ನ್ ಒತ್ತಿದ. ಕೈಮುಗಿದ.
ಕೊನೆಗೆ ಒಬ್ಬ ಹಲ್ಲಿನ ಸಂದಿ ಕೆದಕುತ್ತ ಬಂದು
ಚಕ್ರ ಹಿಡಿದು, ಇವನ ಕಡೆ ನೋಡದೆ, ತಿರುಗಿಸಿದ.
"ನೀರಿಗೆ ಯಾರನ್ನಾದ್ರೂ ಕಾದಿದ್ದು ಇದೇ ಮೊದಲು ಕಣೋ.
ಬೈದೆ ಅವನನ್ನ. ಅವನಿಗೆ ಕನ್ನಡ ಬರಲ್ಲ.
ಸುಮ್ಮನೆ ನಕ್ಕ.
ನಾನೂ ಹಿಂಗೇ ನಗ್ತಿದ್ದೆ, ಅಲ್ವಾ?"

ನಾನೇನೂ ಹೇಳಲಿಲ್ಲ.
ಫೋನನ್ನು ಮೇಲುಜೇಬಿಗೆ ಇಳಿಬಿಟ್ಟು
ಎರಡೂ ಕೈಯಲ್ಲಿ ಕೀಲಿ ಹಿಡಿದೆ.
ಎದೆಯ ಮೇಲೆ ಅವನ ಎಂಜಿನ್ನು,
ಕಾಲಡಿ ಏಳು, ಎಂಟು, ಒಂಬತ್ತು.
ಮೇಲಿನ ಮನೆಯ ದೀಪ ಹತ್ತಿತು.
ಬಕೆಟ್ಟು ಎಳೆಯುವ ಸದ್ದು, ಒಂದು ಕೆಮ್ಮು, ಒಂದು ಹೆಣ್ಣುದನಿ:
"ಬಂತಾ?"
ಸಾಮಾನ್ಯವಾಗಿ ನಾನು ತಲೆಯೆತ್ತುವುದಿಲ್ಲ.

"ಮೊದಲು ಗಾಳಿ ಬರುತ್ತಮ್ಮ,
ನಲ್ಲಿ ತೆಗೆದಿಡಿ," ಎಂದೆ.
ಜೇಬಿನೊಳಗಿಂದ ಅವನು,
"ಯಾರಿಗೋ ಹೇಳ್ತಿದ್ದೀಯಾ?"